ದಡದಲ್ಲಿ ಉಳಿದವರು: ಲಿಟಲ್‌ಟನ್ ಬಂದರಿನಿಂದ ಮಲ್ಪೆಯವರೆಗೆ



ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಕ್ರೈಸ್ಟ್‌ಚರ್ಚ್ ನಗರದ ಬೆಟ್ಟಗಳ ಆಚೆ ಮಗ್ಗುಲಲ್ಲಿ, ಲಿಟಲ್‌ಟನ್ ಎಂಬ ಸಣ್ಣ ಬಂದರು ಪಟ್ಟಣವಿದೆ. ಅದು ಆತುಕೊಂಡಿರುವ ಕೊಲ್ಲಿಯನ್ನು ಮಾವೊರಿ ಜನ ಫಕರೌಪೊ ಎಂದು ಕರೆಯುತ್ತಾರೆ. 1850ರ ಡಿಸೆಂಬರಿನಲ್ಲಿ ಕ್ಯಾಂಟರ್ಬರಿ ವಸಾಹತಿನ ಮೊದಲ ನಾಲ್ಕು ವಲಸೆ ಹಡಗುಗಳು ಬಂದು ಲಂಗರು ಹಾಕಿದ್ದು ಇಲ್ಲಿಯೇ. ಬಂದರಿನ ಮೇಲಿನ ಗುಡ್ಡದಲ್ಲಿ 1876ರಲ್ಲಿ ಕಲ್ಲಿನ ಗೋಪುರವೊಂದನ್ನು ಕಟ್ಟಲಾಯಿತು. ಅದರ ನೆತ್ತಿಯ ಕಂಬದಿಂದ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ದೊಡ್ಡ ಗೋಳವೊಂದು ಕೆಳಗಿಳಿಯುತ್ತಿತ್ತು. ಬಂದರಿನಲ್ಲಿ ನಿಂತ ಹಡಗುಗಳ ಕಪ್ತಾನರು ಅದನ್ನು ನೋಡಿ ತಮ್ಮ ಕ್ರೊನೋಮೀಟರುಗಳನ್ನು ಸರಿಪಡಿಸಿಕೊಳ್ಳುತ್ತಿದ್ದರು. ಗಡಿಯಾರ ಸರಿಯಿದ್ದರೆ ರೇಖಾಂಶ ಸಿಗುತ್ತದೆ; ರೇಖಾಂಶ ತಪ್ಪಿದರೆ ಹಡಗು ಬಂಡೆಗೆ ಬಡಿಯಬಹುದು. 1934ರ ಡಿಸೆಂಬರ್ ಕೊನೆಯವರೆಗೆ, ಐವತ್ತೆಂಟು ವರ್ಷಗಳ ಕಾಲ, ಆ ಗೋಳ ಈ ಕೆಲಸ ಮಾಡಿತು.

ಅದೇ ಗುಡ್ಡದ ಇಳಿಜಾರಿನ ಮನೆಗಳಲ್ಲಿ ನಾವಿಕರ ಹೆಂಡಂದಿರು, ತಾಯಂದಿರು, ಮಕ್ಕಳು ಇದ್ದರು. ಹಡಗಿಗೆ ಬೇಕಾದ ಸಮಯವನ್ನು ತಿಳಿಸಲು ಸರಕಾರ ಗೋಪುರ ಕಟ್ಟಿತ್ತು. ಹೋದವರು ಯಾವಾಗ ಬರುತ್ತಾರೆ, ಬರದಿದ್ದರೆ ಅದನ್ನು ಯಾರು ಹೇಳುತ್ತಾರೆ, ಅಲ್ಲಿಯವರೆಗೆ ಅಂಗಡಿಯ ಸಾಲವನ್ನು ಯಾರು ತೀರಿಸುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವ ಯಾವ ಏರ್ಪಾಡೂ ಆ ಮನೆಗಳಿಗಿರಲಿಲ್ಲ. ಈ ಉಪನ್ಯಾಸದ ವಿಷಯ ಆ ಮನೆಗಳು. ನಾವಿಕರ ಕುಟುಂಬಗಳ ಕಾಯುವಿಕೆಯನ್ನು ಕಡಲಿನ ಸ್ವಭಾವವೆಂದೋ ಹಣೆಬರಹವೆಂದೋ ಹೇಳಿ ಮುಗಿಸುವುದು ವಾಡಿಕೆ. ಆದರೆ ಎಷ್ಟು ಕಾಲ ಕಾಯಬೇಕು, ಯಾವ ಸ್ಥಿತಿಯಲ್ಲಿ ಕಾಯಬೇಕು, ಕಾಯುವುದನ್ನು ಯಾವಾಗ ನಿಲ್ಲಿಸಬೇಕು ಎಂಬುದನ್ನು ನಿರ್ಧರಿಸಿದವರು ಹೆಚ್ಚಾಗಿ ದಡದಲ್ಲಿಯೇ ಕುಳಿತ ಹಡಗು ಮಾಲೀಕರು, ವಿಮಾದಾರರು ಮತ್ತು ಶಾಸನ ಬರೆದವರು. ಲಿಟಲ್‌ಟನ್‌ನ ಚರಿತ್ರೆ ಇದಕ್ಕೆ ಸಾಕ್ಷಿ ನುಡಿಯುತ್ತದೆ.

ದಡದಲ್ಲಿ ನಿಂತು ದಿಗಂತವನ್ನು ನೋಡುತ್ತಿರುವ ಹೆಣ್ಣಿನ ಚಿತ್ರ ಎಲ್ಲ ಕರಾವಳಿಗಳ ಸಾಹಿತ್ಯದಲ್ಲೂ ಇದೆ. ಆ ಚಿತ್ರದಲ್ಲಿ ಅವಳ ಕೈಗಳು ಬರಿದಾಗಿರುತ್ತವೆ. ನಿಜದಲ್ಲಿ ಅವಳಿಗೆ ದಿಗಂತ ನೋಡುವಷ್ಟು ಬಿಡುವಿರುತ್ತಿರಲಿಲ್ಲ. ಬಾಡಿಗೆ, ಸೌದೆ, ಕಲ್ಲಿದ್ದಲು, ಮಕ್ಕಳ ಕಾಯಿಲೆ, ಅತ್ತೆಮಾವಂದಿರ ಮುಪ್ಪು ಎಲ್ಲವೂ ಅವಳ ಪಾಲಿಗೇ ಬರುತ್ತಿದ್ದವು. ನಾವಿಕನ ಸಂಬಳದ ಒಂದು ಭಾಗವನ್ನು ಮನೆಗೆ ಕೊಡಿಸುವ ‘ಅಲಾಟ್‌ಮೆಂಟ್ ನೋಟ್’ ಎಂಬ ಚೀಟಿಯ ಪದ್ಧತಿ ಬ್ರಿಟಿಷ್ ಹಡಗುಗಳಲ್ಲಿತ್ತು. ಹಡಗು ಕಂಪನಿಯ ಕಚೇರಿಗೆ ಹೋಗಿ ಆ ಚೀಟಿ ತೋರಿಸಿದರೆ ಹಣ ಸಿಗುತ್ತಿತ್ತು. ಮನೆ ನಡೆಯುತ್ತಿದ್ದದ್ದು ಅದರ ಮೇಲೆ.

ಈ ಚೀಟಿಯ ಹಿಂದೆ ಒಂದು ಕಠೋರ ನಿಯಮವಿತ್ತು. 1894ರ ಬ್ರಿಟಿಷ್ ವಾಣಿಜ್ಯ ನೌಕಾ ಕಾಯಿದೆಯ ಪ್ರಕಾರ, ಹಡಗು ಒಡೆದರೆ ಅಥವಾ ಮುಳುಗಿದರೆ ನಾವಿಕನ ಸೇವೆ ಆ ಕ್ಷಣಕ್ಕೆ ಮುಗಿಯುತ್ತಿತ್ತು. ಸಂಬಳ ಅಲ್ಲಿಗೇ ನಿಲ್ಲುತ್ತಿತ್ತು. ಅವನು ದೋಣಿಯಲ್ಲಿ ಹುಟ್ಟು ಹಾಕುತ್ತಾ ಬದುಕಿಗಾಗಿ ಹೆಣಗುತ್ತಿದ್ದರೂ, ನಿರ್ಜನ ದ್ವೀಪದಲ್ಲಿ ತಿಂಗಳುಗಟ್ಟಲೆ ಉಳಿದಿದ್ದರೂ, ಲೆಕ್ಕದ ಪುಸ್ತಕದಲ್ಲಿ ಅವನು ಕೆಲಸದಿಂದ ಬಿಟ್ಟವನು. ಹೆಂಡತಿಗೆ ಗಂಡನ ಸುಳಿವು ತಪ್ಪಿದ ದಿನವೇ ಸಂಬಳವೂ ತಪ್ಪುತ್ತಿತ್ತು. 1925ರ ತಿದ್ದುಪಡಿಯ ನಂತರ ಎರಡು ತಿಂಗಳವರೆಗಿನ ಪರಿಹಾರಕ್ಕೆ ಅವಕಾಶವಾಯಿತು. ಈ ಅನ್ಯಾಯ ಗಂಭೀರವಾಗಿ ಸರಿಹೋಗಲು ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ವಾಣಿಜ್ಯ ನಾವಿಕರು ಸಾಯಬೇಕಾಯಿತು.

ಕಾಯುವಿಕೆಯ ಕೊನೆಯನ್ನು ನಿರ್ಧರಿಸುತ್ತಿದ್ದವರು ಯಾರು ಎಂಬುದಕ್ಕೆ ‘ಅರೋರಾ’ ಹಡಗಿನ ಪ್ರಸಂಗ ಉದಾಹರಣೆ. ಶ್ಯಾಕಲ್‌ಟನ್‌ನ ಸಾಹಸಯಾತ್ರೆಯ ರಾಸ್ ಸಮುದ್ರ ತಂಡವನ್ನು ರಕ್ಷಿಸಿ 1917ರ ಫೆಬ್ರವರಿಯಲ್ಲಿ ವೆಲಿಂಗ್ಟನ್‌ಗೆ ಮರಳಿದಾಗ ಆ ಹಡಗನ್ನು ಜನ ಸಂಭ್ರಮದಿಂದ ಎದುರುಗೊಂಡಿದ್ದರು. ಅದೇ ವರ್ಷದ ಜೂನ್ 20ರಂದು ಅದು ಆಸ್ಟ್ರೇಲಿಯಾದ ನ್ಯೂಕಾಸಲ್ ಬಂದರಿನಿಂದ ಕಲ್ಲಿದ್ದಲು ಹೇರಿಕೊಂಡು ಚಿಲಿಯತ್ತ ಹೊರಟಿತು, ಮತ್ತೆ ಕಾಣಲಿಲ್ಲ. ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆ 1918ರ ಜನವರಿ 2ರಂದು ಅದನ್ನು ‘ಕಾಣೆಯಾದ ಹಡಗು’ ಎಂದು ಘೋಷಿಸಿತು. ವಿಮೆಯ ಹಣ ಪಾವತಿಯಾಗಬೇಕಾದರೆ ಇಂಥ ಒಂದು ದಿನಾಂಕ ಬೇಕು. ಹಡಗಿನಲ್ಲಿದ್ದವರ ಮನೆಗಳಿಗೂ ಅದೇ ದಿನಾಂಕ ಅಧಿಕೃತವಾಯಿತು. ಜೂನ್‌ನಿಂದ ಜನವರಿಯವರೆಗಿನ ಆರು ತಿಂಗಳಲ್ಲಿ ಆ ಮನೆಗಳವರು ವಿಧವೆಯರೂ ಅಲ್ಲದ, ಮುತ್ತೈದೆಯರೂ ಅಲ್ಲದ ಸ್ಥಿತಿಯಲ್ಲಿದ್ದರು. ಆ ಸ್ಥಿತಿಗೆ ಒಂದು ಹೆಸರೂ ಇರಲಿಲ್ಲ, ಒಂದು ಪೆನ್ಷನ್ನೂ ಇರಲಿಲ್ಲ.

ಕಾಯುವವರಲ್ಲೂ ಮೇಲು ಕೀಳು ಇದೆಯೆಂಬುದನ್ನು 1913ರ ಫೆಬ್ರವರಿ ತಿಂಗಳು ತೋರಿಸಿಕೊಟ್ಟಿತು. ದಕ್ಷಿಣ ಧ್ರುವಕ್ಕೆ ಹೊರಟ ರಾಬರ್ಟ್ ಫಾಲ್ಕನ್ ಸ್ಕಾಟ್‌ನ ‘ಟೆರ್ರಾ ನೋವಾ’ 1910ರ ನವೆಂಬರಿನಲ್ಲಿ ಲಿಟಲ್‌ಟನ್‌ನಿಂದಲೇ ಬಿಟ್ಟಿತ್ತು. ಧ್ರುವ ತಲುಪಿದ ಐವರೂ 1912ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ, ಹಿಂದಿರುಗುವ ದಾರಿಯಲ್ಲಿ ಸತ್ತರು. ಸುಮಾರು ಒಂದು ವರ್ಷ ಆ ಸಾವು ಹೊರಜಗತ್ತಿಗೆ ತಿಳಿದಿರಲಿಲ್ಲ. 1913ರ ಫೆಬ್ರವರಿ 10ರ ನಸುಕಿನಲ್ಲಿ ಟೆರ್ರಾ ನೋವಾ ಗುಟ್ಟಾಗಿ ಓಮರು ಎಂಬ ಸಣ್ಣ ಬಂದರಿನ ಹೊರಗೆ ನಿಂತಿತು. ಇಬ್ಬರು ಅಧಿಕಾರಿಗಳು ದೋಣಿಯಲ್ಲಿ ದಡಕ್ಕೆ ಬಂದು, ತಾವು ಯಾರೆಂದು ಹೇಳದೆ, ಸಂಕೇತ ಭಾಷೆಯಲ್ಲಿ ತಂತಿ ಕಳುಹಿಸಿದರು. ಹಡಗು ಲಿಟಲ್‌ಟನ್ ಪ್ರವೇಶಿಸಿದ್ದು 12ರಂದು. ಸತ್ತವರ ಮನೆಗಳಿಗೆ ಮೊದಲು ತಿಳಿಯಲಿ ಎಂಬ ಕಾಳಜಿ ಈ ಗೋಪ್ಯತೆಯ ಹಿಂದೆ ಇತ್ತು. ಅದರ ಜೊತೆಗೆ, ಯಾತ್ರೆಯ ಸುದ್ದಿಯ ಹಕ್ಕನ್ನು ಒಂದು ಸುದ್ದಿ ಸಂಸ್ಥೆಗೆ ಮಾರಲಾಗಿತ್ತು ಎಂಬ ಕಾರಣವೂ ಇತ್ತು.

ಸ್ಕಾಟ್‌ನ ಹೆಂಡತಿ ಕ್ಯಾಥ್ಲೀನ್ ಆ ದಿನಗಳಲ್ಲಿ ಗಂಡನನ್ನು ಎದುರುಗೊಳ್ಳಲು ನ್ಯೂಜಿಲೆಂಡಿನತ್ತ ಹಡಗಿನಲ್ಲಿ ಬರುತ್ತಿದ್ದಳು. ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯಲ್ಲಿ ಫೆಬ್ರವರಿ 14ರಂದು ದೊರೆಯ ಸಮ್ಮುಖದಲ್ಲಿ ಸ್ಮರಣ ಪ್ರಾರ್ಥನೆ ನಡೆಯಿತು. ಪೆಸಿಫಿಕ್ ಮಧ್ಯದಲ್ಲಿದ್ದ ಕ್ಯಾಥ್ಲೀನ್‌ಗೆ ನಿಸ್ತಂತು ಸಂದೇಶದ ಮೂಲಕ ವಿಷಯ ತಿಳಿದದ್ದು 19ರಂದು. ಲೋಕವೆಲ್ಲ ಅತ್ತು ಮುಗಿಸಿದ ಐದು ದಿನಗಳ ನಂತರ ಹೆಂಡತಿಗೆ ಸುದ್ದಿ ಬಂತು. ಡಾಕ್ಟರ್ ವಿಲ್ಸನ್‌ನ ಹೆಂಡತಿ ಓರಿಯಾನಾ ನ್ಯೂಜಿಲೆಂಡಿನಲ್ಲಿಯೇ ಇದ್ದಳು. ಅವಳಿಗೆ ತಿಳಿದದ್ದು ರೈಲು ಪ್ರಯಾಣದ ನಡುವೆ, ಪತ್ರಿಕೆಯ ಸುದ್ದಿಯಿಂದ.

ಇಬ್ಬರ ದುಃಖವೂ ದೊಡ್ಡದು. ಆದರೆ ಚರಿತ್ರೆ ಮೂರನೆಯವಳನ್ನು ಹಿಂದಕ್ಕೆ ತಳ್ಳಿತು. ಐವರಲ್ಲಿ ಅಧಿಕಾರಿಯಲ್ಲದ ಏಕೈಕ ವ್ಯಕ್ತಿ ವೇಲ್ಸ್ ಪ್ರಾಂತದ ನಾವಿಕ ಎಡ್ಗರ್ ಇವಾನ್ಸ್. ಅವನ ಹೆಂಡತಿ ಲೋಯಿಸ್ ಮೂರು ಮಕ್ಕಳೊಂದಿಗೆ ಗೋವರ್ ಕರಾವಳಿಯಲ್ಲಿದ್ದಳು. ಸ್ಮಾರಕ ನಿಧಿಗೆ ಜನ ಕೊಟ್ಟ ಹಣ ಸುಮಾರು 75,000 ಪೌಂಡ್. ಅದನ್ನು ಹಂಚುವಾಗ ಸತ್ತವರ ದರ್ಜೆ ನೋಡಲಾಯಿತು. ಸರಕಾರದ ಪೆನ್ಷನ್ನೂ ದರ್ಜೆಯ ಪ್ರಕಾರವೇ ಬಂತು. ಲೋಯಿಸ್‌ಳ ಪಾಲು ಎಲ್ಲರಿಗಿಂತ ಕಡಿಮೆ. ಸಾಲದ್ದಕ್ಕೆ, ಇವಾನ್ಸ್ ಕುಸಿದದ್ದರಿಂದಲೇ ತಂಡ ನಿಧಾನವಾಯಿತೆಂಬ ಮಾತು ಪತ್ರಿಕೆಗಳಲ್ಲಿ ಓಡಾಡಿತು. ಒಂದೇ ಡೇರೆಯಲ್ಲಿ ಮಲಗಿ, ಒಂದೇ ಬಂಡಿಯನ್ನು ಎಳೆದವರ ಮನೆಗಳು ಮೂರು ಬೇರೆ ಬೇರೆ ತೂಕದ ಸಾಂತ್ವನ ಪಡೆದವು.

ಇದಕ್ಕೆ ಎದುರಾದ ಉದಾಹರಣೆಯೂ ನ್ಯೂಜಿಲೆಂಡಿನಲ್ಲಿದೆ. ದೇಶದ ದಕ್ಷಿಣಕ್ಕಿರುವ ನಿರ್ಜನ ದ್ವೀಪಗಳ ಬಂಡೆಗಳಿಗೆ ಹಡಗುಗಳು ಮೇಲಿಂದ ಮೇಲೆ ಬಡಿಯುತ್ತಿದ್ದ ಕಾಲದಲ್ಲಿ, ಸರಕಾರ ಆ ದ್ವೀಪಗಳಲ್ಲಿ ಆಹಾರ, ಬಟ್ಟೆ, ದೋಣಿಗಳನ್ನಿಟ್ಟ ಉಗ್ರಾಣಗಳನ್ನು ಸ್ಥಾಪಿಸಿತು. ‘ಹಿನೆಮೋವಾ’ ಮೊದಲಾದ ಸರಕಾರಿ ಹಡಗುಗಳು ಕಾಲಕಾಲಕ್ಕೆ ಹೋಗಿ ನೋಡಿ ಬರುತ್ತಿದ್ದವು. 1907ರ ಮಾರ್ಚಿನಲ್ಲಿ ‘ಡಂಡೊನಾಲ್ಡ್’ ಎಂಬ ಹಾಯಿಹಡಗು ಆಕ್ಲೆಂಡ್ ದ್ವೀಪಗಳ ಬಳಿ ಒಡೆಯಿತು. ಇಪ್ಪತ್ತೆಂಟು ಜನರಲ್ಲಿ ಹನ್ನೆರಡು ಮಂದಿ ಮುಳುಗಿದರು, ಹದಿನಾರು ಮಂದಿ ಬಂಡೆ ಹತ್ತಿದರು. ಅವರಲ್ಲಿ ಒಬ್ಬ ನಂತರ ತೀರಿಕೊಂಡ. ಉಳಿದವರು ಕಡಲಹಕ್ಕಿಗಳನ್ನು ತಿಂದು, ರೆಂಬೆ ಹಾಗೂ ಹಾಯಿಬಟ್ಟೆಯಿಂದ ದೋಣಿ ಕಟ್ಟಿ, ಉಗ್ರಾಣವಿದ್ದ ದ್ವೀಪ ತಲುಪಿದರು. ನವೆಂಬರಿನಲ್ಲಿ ಹಿನೆಮೋವಾ ಬಂದಾಗ ಹದಿನೈದು ಮಂದಿ ಜೀವಂತವಾಗಿದ್ದರು. ಹುಡುಕುವುದು ತನ್ನ ಕರ್ತವ್ಯವೆಂದು ಒಂದು ಸರಕಾರ ಒಪ್ಪಿಕೊಂಡಿದ್ದರಿಂದ ಹದಿನೈದು ಮನೆಗಳಿಗೆ ಜನ ಮರಳಿದರು. ಹೀಗೆ ಕಾಯುವಿಕೆಯನ್ನು ಮೊಟಕುಗೊಳಿಸುವುದು ಅಂದಿನ ಉಗಿಹಡಗುಗಳ ಕಾಲದಲ್ಲೂ ಸಾಧ್ಯವಿತ್ತು.

ಬಂದರಿನ ಮನೆಗಳ ಮೇಲೆ ಸರಕಾರವೇ ತಿರುಗಿ ಬಿದ್ದ ಕಾಲವೂ ಬಂತು. 1951ರ ಆರಂಭದಲ್ಲಿ ದೇಶದ ಕಾರ್ಮಿಕರಿಗೆ ಶೇಕಡ 15ರ ಸಂಬಳ ಏರಿಕೆಯನ್ನು ಪಂಚಾಯ್ತಿ ನ್ಯಾಯಾಲಯ ಮಂಜೂರು ಮಾಡಿತ್ತು. ಬಂದರು ಕಾರ್ಮಿಕರಿಗೆ ಮಾಲೀಕರು ಕೊಡಲೊಪ್ಪಿದ್ದು ಶೇಕಡ 9. ಕಾರ್ಮಿಕರು ಓವರ್‌ಟೈಮ್ ನಿರಾಕರಿಸಿದರು, ಮಾಲೀಕರು ಫೆಬ್ರವರಿಯಲ್ಲಿ ಲಾಕೌಟ್ ಮಾಡಿದರು. ಪ್ರಧಾನಿ ಸಿಡ್ನಿ ಹಾಲೆಂಡ್‌ನ ಸರಕಾರ ಫೆಬ್ರವರಿ 21ರಂದು ತುರ್ತು ಪರಿಸ್ಥಿತಿ ಘೋಷಿಸಿ, ಸೈನಿಕರನ್ನು ಧಕ್ಕೆಗಳಿಗೆ ಇಳಿಸಿತು. ನಾವಿಕರು, ಗಣಿ ಕಾರ್ಮಿಕರು, ಮಾಂಸ ಸಂಸ್ಕರಣಾ ಕಾರ್ಮಿಕರು ಬೆಂಬಲಕ್ಕೆ ನಿಂತಾಗ ಹೊರಗುಳಿದವರ ಸಂಖ್ಯೆ 22,000ದವರೆಗೆ ಏರಿತು. ಹೋರಾಟ 151 ದಿನ ನಡೆಯಿತು.

ಆ ತುರ್ತು ನಿಯಮಗಳಲ್ಲಿ ಒಂದನ್ನು ವಿಶೇಷವಾಗಿ ನೆನೆಯಬೇಕು. ಹೋರಾಟದಲ್ಲಿದ್ದವರಿಗೆ ಮಾತ್ರವಲ್ಲ, ಅವರ ಹೆಂಡತಿ ಮಕ್ಕಳಿಗೆ ಆಹಾರ ಕೊಡುವುದೂ ಅಪರಾಧವಾಗಿತ್ತು. ನೆರೆಮನೆಯವರು ಒಂದು ಬುಟ್ಟಿ ಆಲೂಗಡ್ಡೆ ಕೊಟ್ಟರೂ ಕಾನೂನಿನ ಕಣ್ಣಿಗೆ ಅದು ತಪ್ಪು. ಹಡಗುಗಳು ಬಂದರಿನಲ್ಲೇ ನಿಂತಿದ್ದವು, ಗಂಡಂದಿರು ಮನೆಯಲ್ಲೇ ಇದ್ದರು. ಆದರೂ ಸಂಬಳವಿಲ್ಲದ, ಕೊನೆ ತಿಳಿಯದ ಕಾಯುವಿಕೆ ಅದೇ ಮನೆಗಳಿಗೆ ಮತ್ತೆ ಬಂತು. ಅದನ್ನು ಹೆಂಗಸರು ಹೇಗೆ ಎದುರಿಸಬೇಕೆಂದು ಬಲ್ಲವರಾಗಿದ್ದರು. ಗಂಡಸರು ತಿಂಗಳುಗಟ್ಟಲೆ ಇಲ್ಲದಾಗ ಮನೆ ನಡೆಸಿದ ಅನುಭವ ಅವರಿಗಿತ್ತು. ಮಹಿಳಾ ಸಮಿತಿಗಳು ಕಾನೂನಿನ ಕಣ್ಣು ತಪ್ಪಿಸಿ ಆಹಾರ ಸಂಗ್ರಹಿಸಿದವು, ಹಂಚಿದವು. ನಿಷೇಧಿತ ಕರಪತ್ರಗಳು ರಾತ್ರೋರಾತ್ರಿ ಅಚ್ಚಾಗಿ ಮನೆಗಳನ್ನು ತಲುಪಿದವು. ಹೋರಾಟ ಜುಲೈನಲ್ಲಿ ಸೋತಿತು. ಸೆಪ್ಟೆಂಬರಿನ ಅವಧಿಪೂರ್ವ ಚುನಾವಣೆಯಲ್ಲಿ ಅದೇ ಸರಕಾರ ಮರಳಿ ಗೆದ್ದಿತು. ಆದರೂ ಬಂದರಿನ ನೆನಪಿನಲ್ಲಿ ಆ 151 ದಿನಗಳು ಒಡೆಯದೆ ಉಳಿದಿವೆ. ಅಸಂಘಟಿತವಾಗಿ ಮನೆಗಳೊಳಗೆ ನಡೆಯುತ್ತಿದ್ದ ಕಾಯುವಿಕೆ ಅಂದು ಬೀದಿಗೆ ಬಂದು ಸಾಮೂಹಿಕವಾಯಿತು.

ಈ ಹೆಮ್ಮೆಯ ಚರಿತ್ರೆಗೆ ಒಂದು ಕಪ್ಪು ಅಂಚೂ ಇದೆ, ಪ್ರಗತಿಪರರು ಅದನ್ನು ಮುಚ್ಚಿಡಬಾರದು. ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೂ ಈ ಭಾಗದ ನಾವಿಕರ ಸಂಘಗಳು ಏಷ್ಯಾದ ನಾವಿಕರನ್ನು ಹಡಗುಗಳಿಂದ ದೂರವಿಡಲು ಒತ್ತಾಯಿಸಿದ್ದವು. ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತದ ಲಸ್ಕರರಿಗೆ ಬಿಳಿಯ ನಾವಿಕನ ಸಂಬಳದ ಒಂದು ಸಣ್ಣ ಭಾಗ ಮಾತ್ರ ಸಿಗುತ್ತಿತ್ತು. ಮಾಲೀಕರು ಅವರನ್ನು ಬಳಸಿ ಸಂಬಳ ಇಳಿಸುತ್ತಿದ್ದರು ಎಂಬುದು ನಿಜ. ಸಂಘಗಳು ಅದಕ್ಕೆ ಕೊಟ್ಟ ಉತ್ತರ ಸಮಾನ ಸಂಬಳದ ಬೇಡಿಕೆಗಿಂತ ಹೆಚ್ಚಾಗಿ ಹೊರಗಟ್ಟುವ ಬೇಡಿಕೆಯಾಗಿತ್ತು ಎಂಬುದೂ ಅಷ್ಟೇ ನಿಜ. ಕೊಂಕಣ, ಗೋವಾ, ಸಿಲ್ಹೆಟ್‌ಗಳ ಹಳ್ಳಿಗಳಲ್ಲಿ ಕಾಯುತ್ತಿದ್ದ ಮನೆಗಳು ಲಿಟಲ್‌ಟನ್‌ನ ಮನೆಗಳ ಕಣ್ಣಿಗೆ ಬೀಳಲಿಲ್ಲ.

ಆ ಕಣ್ಣು ತೆರೆದದ್ದು ಬಹಳ ತಡವಾಗಿ, ಒಂದು ವಿಪತ್ತಿನ ನಡುವೆ. 2011ರ ಫೆಬ್ರವರಿ 22ರ ಭೂಕಂಪದ ಕೇಂದ್ರ ಲಿಟಲ್‌ಟನ್‌ಗೆ ಅತಿ ಸಮೀಪದಲ್ಲಿತ್ತು. ಜೂನ್ 13ರ ಕಂಪನದಲ್ಲಿ ಗುಡ್ಡದ ಮೇಲಿನ ಗೋಪುರವೂ ಕುಸಿಯಿತು. ಅದೇ ಜೂನ್ ತಿಂಗಳಲ್ಲಿ, ಬಂದರಿನಲ್ಲಿ ನಿಂತಿದ್ದ ‘ಓಯಾಂಗ್ 75’ ಎಂಬ ಕೊರಿಯಾದ ಮೀನುಗಾರಿಕಾ ಹಡಗಿನಿಂದ 32 ಮಂದಿ ಇಂಡೋನೇಷ್ಯಾದ ಕಾರ್ಮಿಕರು ಕೆಳಗಿಳಿದರು. ಮರಳಿ ಹತ್ತಲು ನಿರಾಕರಿಸಿದರು. ಹೊಡೆತ, ಬೈಗುಳ, ಲೈಂಗಿಕ ಕಿರುಕುಳ, ಕೊಡದ ಸಂಬಳ ಅವರ ದೂರಾಗಿದ್ದವು. ಅದಕ್ಕೂ ಹತ್ತು ತಿಂಗಳ ಹಿಂದೆ, 2010ರ ಆಗಸ್ಟಿನಲ್ಲಿ, ಅದೇ ಕಂಪನಿಯ ‘ಓಯಾಂಗ್ 70’ ಅತಿಯಾಗಿ ತುಂಬಿದ ಬಲೆಯನ್ನು ಎಳೆಯಲು ಹೋಗಿ ಒಟಾಗೊ ಕರಾವಳಿಯಿಂದ ಬಹುದೂರದಲ್ಲಿ ಮುಳುಗಿತ್ತು. 51 ಮಂದಿಯಲ್ಲಿ ಆರು ಮಂದಿ ಸತ್ತರು. ಮೂವರ ದೇಹಗಳು ಸಿಗಲೇ ಇಲ್ಲ.

ಆಕ್ಲೆಂಡ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸ್ಟ್ರಿಂಗರ್, ಗ್ಲೆನ್ ಸಿಮನ್ಸ್ ಮತ್ತು ಸಂಗಡಿಗರು ಅದೇ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಹಡಗುಗಳ ಒಳಗನ್ನು ಬಯಲಿಗಿಟ್ಟಿತು. ಅದರಲ್ಲಿ ಕಾಯುವ ಕುಟುಂಬಗಳಿಗೆ ಸಂಬಂಧಿಸಿದ ಒಂದು ಅಂಶ ಎದೆ ನಡುಗಿಸುವಂಥದು. ಕಾರ್ಮಿಕರನ್ನು ನೇಮಿಸುತ್ತಿದ್ದ ದಲ್ಲಾಳಿಗಳು ಶಾಲಾ ಪ್ರಮಾಣಪತ್ರ, ಜಮೀನಿನ ಕಾಗದಗಳಂಥ ದಾಖಲೆಗಳನ್ನು ಒತ್ತೆ ಇಟ್ಟುಕೊಳ್ಳುತ್ತಿದ್ದರು. ಅವಧಿಗೆ ಮುನ್ನ ಹಡಗು ಬಿಟ್ಟರೆ ದಂಡ ತೆರಬೇಕಿತ್ತು. ಅಂದರೆ ಜಾವಾದ ಹಳ್ಳಿಯಲ್ಲಿದ್ದ ಮನೆಯೇ ಹಡಗಿನಲ್ಲಿದ್ದವನ ಸಂಕೋಲೆ. ಕರಾವಳಿಯ ಜೀತದ ಕಥೆಗಳನ್ನು ಬಲ್ಲ ಕನ್ನಡಿಗನಿಗೆ ಇದರ ತರ್ಕ ಹೊಸದಲ್ಲ. ಮುಂಗಡ ಸಾಲ ಕೊಟ್ಟು, ಹೊಲದ ಪತ್ರ ಬರೆಸಿಕೊಂಡು ದುಡಿಸುವ ಧಣಿಯ ಜಾಗದಲ್ಲಿ ಇಲ್ಲಿ ಏಜೆನ್ಸಿ ಇತ್ತು.

ಭೂಕಂಪದಲ್ಲಿ ತಮ್ಮ ಮನೆಗಳೇ ಬಿರುಕು ಬಿಟ್ಟಿದ್ದ ಆ ಚಳಿಗಾಲದಲ್ಲಿ, ಆ ಪ್ರದೇಶದ ಜನ ಈ ಅಪರಿಚಿತ ಕಾರ್ಮಿಕರಿಗೆ ಆಸರೆ ಕೊಟ್ಟರು. ಸರಕಾರ ವಿಚಾರಣಾ ಸಮಿತಿ ನೇಮಿಸಿತು. 2014ರಲ್ಲಿ ಕಾನೂನು ತಿದ್ದುಪಡಿಯಾಯಿತು. 2016ರ ಮೇ 1ರಿಂದ ನ್ಯೂಜಿಲೆಂಡಿನ ಜಲಪ್ರದೇಶದಲ್ಲಿ ಮೀನು ಹಿಡಿಯುವ ವಿದೇಶಿ ಬಾಡಿಗೆ ಹಡಗುಗಳು ನ್ಯೂಜಿಲೆಂಡಿನ ಧ್ವಜ ಹಾರಿಸಿ, ಇಲ್ಲಿನ ಕಾರ್ಮಿಕ ಕಾನೂನಿಗೆ ಒಳಪಡಬೇಕಾಯಿತು. 32 ಮಂದಿ ಹಡಗಿನಿಂದ ಇಳಿಯುವ ಧೈರ್ಯ ಮಾಡದಿದ್ದರೆ ಈ ಬದಲಾವಣೆ ಅಷ್ಟು ಬೇಗ ಬರುತ್ತಿರಲಿಲ್ಲ.

ಇನ್ನು ಭಾರತದ ನಾವಿಕರ ಮಾತು. ಜಗತ್ತಿನ ಹಡಗುಗಳಿಗೆ ಅತಿ ಹೆಚ್ಚು ನಾವಿಕರನ್ನು ಒದಗಿಸುವ ದೇಶಗಳಲ್ಲಿ ಭಾರತವೂ ಒಂದು. ಸೊಮಾಲಿಯಾದ ಕಡಲ್ಗಳ್ಳರು 2010ರ ಸೆಪ್ಟೆಂಬರಿನಲ್ಲಿ ‘ಅಸ್ಫಾಲ್ಟ್ ವೆಂಚರ್’ ಹಡಗನ್ನು ಹಿಡಿದರು. 2011ರ ಏಪ್ರಿಲಿನಲ್ಲಿ ಹಣ ಪಡೆದು ಹಡಗನ್ನು ಬಿಟ್ಟರೂ ಏಳು ಮಂದಿ ಭಾರತೀಯ ನಾವಿಕರನ್ನು ಬಿಡಲಿಲ್ಲ. ಅವರು ಮನೆಗೆ ಮರಳಿದ್ದು 2014ರ ಕೊನೆಯಲ್ಲಿ. ಸುಮಾರು ನಾಲ್ಕು ವರ್ಷ ಏಳು ಕುಟುಂಬಗಳು ಕಚೇರಿಯಿಂದ ಕಚೇರಿಗೆ ಅಲೆದವು. ಇಂಥ ಅನುಭವಗಳ ಫಲವಾಗಿ, ‘ಕಡಲ ಕಾರ್ಮಿಕ ಒಡಂಬಡಿಕೆ’ ಎಂಬ 2006ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2018ರಲ್ಲಿ ತಿದ್ದುಪಡಿಯಾಯಿತು. ನಾವಿಕ ಸೆರೆಯಲ್ಲಿರುವಷ್ಟು ಕಾಲವೂ ಅವನ ಸಂಬಳ ನಡೆಯಬೇಕು, ಮನೆಗೆ ಹೋಗುವ ಹಣ ನಿಲ್ಲಬಾರದು ಎಂಬ ಆ ತಿದ್ದುಪಡಿ 2020ರ ಡಿಸೆಂಬರ್ 26ರಂದು ಜಾರಿಗೆ ಬಂತು. ಹಡಗು ಮುಳುಗಿದ ಕ್ಷಣಕ್ಕೆ ಸಂಬಳ ನಿಲ್ಲಿಸಿದ 1894ರ ಕಾಯಿದೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಈ ಮೂಲ ನ್ಯಾಯಕ್ಕೆ ಎಷ್ಟು ತಲೆಮಾರುಗಳು ಬೇಕಾದವೆಂದು ತಿಳಿಯುತ್ತದೆ.

ಆ ತಿದ್ದುಪಡಿ ಜಾರಿಯಾದ ದಿನಗಳಲ್ಲೇ, ಕೋವಿಡ್‌ನಿಂದ ಗಡಿಗಳು ಮುಚ್ಚಿ, ಸುಮಾರು ನಾಲ್ಕು ಲಕ್ಷ ನಾವಿಕರು ಅವಧಿ ಮುಗಿದರೂ ಹಡಗುಗಳಲ್ಲೇ ಸಿಕ್ಕಿಬಿದ್ದಿದ್ದರು. ‘ಜಗ್ ಆನಂದ್’ ಹಡಗಿನ 23 ಭಾರತೀಯರು 2020ರ ಜೂನ್‌ನಿಂದ ಚೀನಾದ ಬಂದರಿನ ಹೊರಗೆ ನಿಂತಿದ್ದು, ದಡಕ್ಕೆ ಇಳಿಯಲು ಸಾಧ್ಯವಾದದ್ದು 2021ರ ಜನವರಿಯಲ್ಲಿ, ಜಪಾನಿನಲ್ಲಿ. ನ್ಯೂಜಿಲೆಂಡಿನ ಸರಕುಗಳಲ್ಲಿ ಪರಿಮಾಣದ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ಹಡಗಿನಲ್ಲೇ ಬಂದು ಹೋಗುತ್ತವೆ. ಆಕ್ಲೆಂಡಿನ ಕನ್ನಡಿಗನ ಮನೆಯ ಸೋನಾಮಸೂರಿಯೂ ತೊಗರಿಬೇಳೆಯೂ ಹೀಗೆ ಯಾರದೋ ತಡವಾದ ಮನೆಪಯಣದ ಮೇಲೆ ಬಂದು ಮುಟ್ಟಿದವು.

ಅದೇ ಕಾಲದಲ್ಲಿ ವಲಸಿಗರೂ ಕಾಯುವುದನ್ನು ಕಲಿತರು. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದ ಮೇಲೆ, ತಾತ್ಕಾಲಿಕ ವೀಸಾದ ಮೇಲಿದ್ದ ಅನೇಕರ ಗಂಡ, ಹೆಂಡತಿ, ಮಕ್ಕಳು ಭಾರತದಲ್ಲಿ ಉಳಿದುಹೋದರು. 2021ರ ಏಪ್ರಿಲ್ 11ರಿಂದ 28ರವರೆಗೆ ಭಾರತದಿಂದ ಬರುವವರಿಗೆ, ನ್ಯೂಜಿಲೆಂಡಿನ ನಾಗರಿಕರಿಗೂ ಸೇರಿ, ಬಾಗಿಲು ಪೂರ್ತಿ ಮುಚ್ಚಿತ್ತು. ಮಗುವಿನ ಮೊದಲ ಹೆಜ್ಜೆಯನ್ನು ಫೋನಿನಲ್ಲಿ ಕಂಡ ತಂದೆಯರಿಗೆ, ತಾಯಿಯ ಅಂತ್ಯಕ್ರಿಯೆಯನ್ನು ವಿಡಿಯೋದಲ್ಲಿ ನೋಡಿದ ಮಕ್ಕಳಿಗೆ ಅದು ವಿಧಿಯೆನಿಸಲಿಲ್ಲ. ಅದು ಒಂದು ಸರಕಾರದ ತೀರ್ಮಾನವೆಂದು ಅವರಿಗೆ ಗೊತ್ತಿತ್ತು. ಆದ್ದರಿಂದಲೇ ಅವರು ಅರ್ಜಿ ಬರೆದರು, ಸಂಸತ್ತಿನ ಮುಂದೆ ನಿಂತರು. ನಾವಿಕರ ಮನೆಗಳ ಕಾಯುವಿಕೆಯನ್ನೂ ಅದೇ ಕಣ್ಣಿನಿಂದ ನೋಡಬೇಕಾಗಿದೆ.

ಕರ್ನಾಟಕದ ಕರಾವಳಿಯಲ್ಲಿ ಆ ಕಣ್ಣಿಗೆ ಮೊದಲು ಬೀಳಬೇಕಾದದ್ದು ಮಲ್ಪೆ. 2018ರ ಡಿಸೆಂಬರ್ 13ರಂದು ‘ಸುವರ್ಣ ತ್ರಿಭುಜ’ ಎಂಬ ಆಳಸಮುದ್ರ ಮೀನುಗಾರಿಕಾ ಬೋಟು ಮಲ್ಪೆ ಬಂದರಿನಿಂದ ಹೊರಟಿತು. ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮೀನುಗಾರರು ಅದರಲ್ಲಿದ್ದರು. ಎರಡು ದಿನಗಳ ನಂತರ ಮಹಾರಾಷ್ಟ್ರದ ಕಡಲಿನಲ್ಲಿ ಸಂಪರ್ಕ ಕಡಿಯಿತು. ಹುಡುಕಾಟ ಸಾಲದೆಂದು ಜನವರಿ 6ರಂದು ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದರು. ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಾಲ್ವಣದ ಕಡಲತಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿದ್ದು 2019ರ ಮೇ ಆರಂಭದಲ್ಲಿ. ನಾಲ್ಕೂವರೆ ತಿಂಗಳು ಏಳು ಮನೆಗಳಲ್ಲಿ ಫೋನ್ ಗಂಟೆ ಬಾರಿಸಿದಾಗಲೆಲ್ಲ ಜನ ಎದ್ದು ಓಡಿದರು. ಅವಶೇಷ ಸಿಗದೆ ಹೋಗಿದ್ದರೆ ಏನಾಗುತ್ತಿತ್ತು? ಭಾರತದ ಸಾಕ್ಷ್ಯ ಕಾನೂನಿನ ಪ್ರಕಾರ, ಏಳು ವರ್ಷ ಸುದ್ದಿಯಿಲ್ಲದವನನ್ನು ಮಾತ್ರ ಸತ್ತವನೆಂದು ಭಾವಿಸಬಹುದು. ಮರಣ ಪತ್ರವಿಲ್ಲದೆ ವಿಮೆಯಿಲ್ಲ, ಬ್ಯಾಂಕಿನ ಖಾತೆಯಿಲ್ಲ, ಮನೆಯ ಪತ್ರ ಹೆಸರಿಗೆ ಬರುವುದಿಲ್ಲ. ಸರಕಾರ ವಿಶೇಷ ಆದೇಶ ಮಾಡಿದರೆ ಮಾತ್ರ ದಾರಿ. ಅರೋರಾದ ಮನೆಗಳಿಗಿದ್ದ ಹೆಸರಿಲ್ಲದ ಸ್ಥಿತಿ ನೂರು ವರ್ಷಗಳ ನಂತರವೂ ಹಾಗೆಯೇ ಇದೆ.

ಇಲ್ಲಿ ಒಂದು ನಿರ್ದಿಷ್ಟ ಸಂಗತಿಯನ್ನು ಸಭಿಕರು ಗಮನಿಸಬೇಕು. ಸೆರೆಯಲ್ಲಿದ್ದಾಗಲೂ ಸಂಬಳ ಕೊಡಿಸುವ ಕಡಲ ಕಾರ್ಮಿಕ ಒಡಂಬಡಿಕೆಯನ್ನು ಭಾರತ 2015ರಲ್ಲಿ, ನ್ಯೂಜಿಲೆಂಡ್ 2016ರಲ್ಲಿ ಅಂಗೀಕರಿಸಿವೆ. ಆದರೆ ಅದು ಮೀನುಗಾರಿಕಾ ಹಡಗುಗಳಿಗೆ ಅನ್ವಯಿಸುವುದಿಲ್ಲ. ಓಯಾಂಗ್ ಹಡಗಿನವರೂ ಸುವರ್ಣ ತ್ರಿಭುಜದವರೂ ಅದರ ಹೊರಗೇ ಉಳಿದವರು. ಮೀನುಗಾರರಿಗಾಗಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2007ರಲ್ಲಿ ರೂಪಿಸಿದ ಒಡಂಬಡಿಕೆಯ ಸಂಖ್ಯೆ 188. ಅದು 2017ರ ನವೆಂಬರಿನಿಂದ ಜಾರಿಯಲ್ಲಿದೆ. ದೋಣಿ ಹೊರಡುವ ಮೊದಲು ಯಾರು ಯಾರು ಹೋಗುತ್ತಿದ್ದಾರೆಂಬ ಪಟ್ಟಿ ದಡದಲ್ಲಿರಬೇಕು, ಲಿಖಿತ ಒಪ್ಪಂದವಿರಬೇಕು, ಸಂಪಾದನೆಯನ್ನು ಖರ್ಚಿಲ್ಲದೆ ಮನೆಗೆ ಕಳಿಸುವ ವ್ಯವಸ್ಥೆಯಿರಬೇಕು, ಕೆಲಸದಲ್ಲಿ ಗಾಯವಾದರೆ, ಸತ್ತರೆ ರಕ್ಷಣೆಯಿರಬೇಕು ಎಂದು ಅದು ಹೇಳುತ್ತದೆ. ಇವುಗಳಲ್ಲಿ ಪ್ರತಿಯೊಂದೂ ದಡದಲ್ಲಿ ಉಳಿದವರ ಹಕ್ಕು. 2024ರ ಕೊನೆಯವರೆಗೆ ಭಾರತವೂ ಅದನ್ನು ಅಂಗೀಕರಿಸಿರಲಿಲ್ಲ, ನ್ಯೂಜಿಲೆಂಡೂ ಅಂಗೀಕರಿಸಿರಲಿಲ್ಲ.

ವಲಸೆ ಬಂದ ಕನ್ನಡಿಗರು ಈ ಎರಡೂ ದೇಶಗಳ ಪ್ರತಿನಿಧಿಗಳಿಗೆ ಮಾತು ಮುಟ್ಟಿಸಬಲ್ಲವರು. ಒಂದರಲ್ಲಿ ಅವರ ಮತವಿದೆ, ಇನ್ನೊಂದರಲ್ಲಿ ಅವರ ಮನೆಯಿದೆ. ಕಡಲ ತೀರದ ಸ್ಮರಣೋತ್ಸವಗಳಲ್ಲಿ ಹೂವಿಡುವುದು ಸುಲಭ. ಮಲ್ಪೆಯ ಧಕ್ಕೆಯಲ್ಲಿ ಮೀನುಬುಟ್ಟಿ ಹೊತ್ತು ಸಾಲ ತೀರಿಸುತ್ತಿರುವವಳಿಗೂ ಜಾವಾದ ಹಳ್ಳಿಯಲ್ಲಿ ಜಮೀನಿನ ಕಾಗದ ಬಿಡಿಸಿಕೊಳ್ಳಲು ಹೆಣಗುತ್ತಿರುವವಳಿಗೂ ಅದರಿಂದ ಏನೂ ಆಗದು. ಸಂಖ್ಯೆ 188ರ ಬಗ್ಗೆ ತಮ್ಮ ಸಂಸತ್ ಸದಸ್ಯರಿಗೆ ಬರೆಯುವ ಒಂದು ಪತ್ರ ಅದಕ್ಕಿಂತ ಹೆಚ್ಚು ಕೆಲಸ ಮಾಡಬಲ್ಲದು.

ಲಿಟಲ್‌ಟನ್‌ನ ಗೋಪುರವನ್ನು ಉಳಿದ ಕಲ್ಲುಗಳಿಂದಲೇ ಮರಳಿ ಕಟ್ಟಿ 2018ರಲ್ಲಿ ತೆರೆಯಲಾಯಿತು. ಸುವರ್ಣ ತ್ರಿಭುಜ ಮಲ್ಪೆ ಬಿಟ್ಟದ್ದೂ ಅದೇ ವರ್ಷ. ಅದರ ಗೋಳ ಇಂದು ಪ್ರವಾಸಿಗರಿಗಾಗಿ ಮತ್ತೆ ಇಳಿಯುತ್ತದೆ. ಹಡಗುಗಳಿಗೆ ಈಗ ಅದು ಬೇಕಿಲ್ಲ, ಉಪಗ್ರಹಗಳು ಅವುಗಳಿಗೆ ಕ್ಷಣಕ್ಷಣದ ಸ್ಥಾನ ತಿಳಿಸುತ್ತವೆ. ದಡದ ಮನೆಗಳಿಗೆ ಮಾತ್ರ ಹೊರಟವರ ಹೆಸರುಗಳ ಒಂದು ಪಟ್ಟಿಯೂ ಕಾನೂನಿನ ಬಲದಿಂದ ಇನ್ನೂ ಸಿಕ್ಕಿಲ್ಲ.